28 ವರ್ಷದ ಹಿಂದೆ ಆಪರೇಷನ್ ಆದ ಮೂಗು ಈಗೇಕೆ ಇಳಿಬಿದ್ದಿದೆ?

ಪ್ರಶ್ನೆ: ನನಗೀಗ 54 ವರ್ಷ. ಚಿಂತಾಮಣಿ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಮದುವೆಗೆ ಮುಂಚೆ, 26ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಮೂಗಿನ ಮೇಲಿದ್ದ ಗೂನು ತೆಗೆಸಿ, ತುದಿಯನ್ನು ಸಣ್ಣ ಮಾಡಿಸಿಕೊಂಡಿದ್ದೆ. ಇಪ್ಪತ್ತು ವರ್ಷ ಚೆನ್ನಾಗಿಯೇ ಇತ್ತು. ಈಚೆಗೆ ತುದಿ ಇಳಿಬಿದ್ದಿದೆ, ಎಡಪಕ್ಕ ಒಳಕ್ಕೆ ಹೋದಂತೆ ಕಾಣುತ್ತದೆ, ರಾತ್ರಿ ಎಡ ಹೊಳ್ಳೆಯಲ್ಲಿ ಉಸಿರೇ ಆಡುವುದಿಲ್ಲ. ಆಪರೇಷನ್ ಮಾಡಿಸದ ಅಕ್ಕನಿಗೆ ಮೂಗು ದೊಡ್ಡದಾಗಿದ್ದರೂ ಉಸಿರಾಟಕ್ಕೆ ತೊಂದರೆಯಿಲ್ಲ. ಮೂಗು ಸಾಯುವ ತನಕ ಬೆಳೆಯುತ್ತದೆ ಎನ್ನುತ್ತಾರೆ, ನಿಜವೇ? ಆವತ್ತಿನ ಆಪರೇಷನ್ ಕೆಟ್ಟಿತೇ? ಮತ್ತೆ ಮಾಡಿಸಬಹುದೇ? ಇದರ ನಡುವೆ 20 ವರ್ಷದ ಮಗಳಿಗೂ ಮೂಗು ಸರಿಮಾಡಿಸಿಕೊಳ್ಳುವ ಹಟ ಹಿಡಿದಿದೆ. ಆಪರೇಷನ್ ಆದರೆ ಮೂಗುಬೊಟ್ಟು ಇಡಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ಅಕ್ಕನ ವಿಷಯ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅವರ ಮುಖದಲ್ಲೇ ಇದೆ. ಒಂದೇ ಮನೆತನದ ಮೂಗು. ಒಬ್ಬರದಕ್ಕೆ ಕತ್ತರಿ ಬಿದ್ದಿದೆ, ಇನ್ನೊಬ್ಬರದಕ್ಕೆ ಬಿದ್ದಿಲ್ಲ. ಅವರ ತುದಿಯೂ ಇಳಿದಿದ್ದರೆ ನಿಮ್ಮ ತುದಿ ಇಳಿದದ್ದರಲ್ಲಿ ವಯಸ್ಸಿನ ಪಾಲೇ ಹೆಚ್ಚು. ಅವರ ಪಕ್ಕಗಳು ಗಟ್ಟಿಯಾಗಿದ್ದು ನಿಮ್ಮ ಎಡಪಕ್ಕ ಮಾತ್ರ ಒಳಕ್ಕೆ ಹೋಗಿದ್ದರೆ, 28 ವರ್ಷದ ಹಿಂದೆ ಒಳಗಿನಿಂದ ತೆಗೆದದ್ದರ ಬಗ್ಗೆ ಯೋಚಿಸಬೇಕಾಗುತ್ತದೆ. ಮುಂದಿನ ಸಲ ಇಬ್ಬರೂ ಸೇರಿದಾಗ ಕಿಟಕಿ ಬೆಳಕಿಗೆ ಪಕ್ಕಪಕ್ಕ ಕೂತು ಎದುರಿನಿಂದ, ಪಕ್ಕದಿಂದ ಒಂದೊಂದು ಫೋಟೋ ತೆಗೆಸಿಕೊಳ್ಳಿ.

ಮೊದಲು ಬೆಳೆಯುವ ಮಾತು. ಹುಡುಗಿಯರಲ್ಲಿ 15-16ಕ್ಕೆ, ಹುಡುಗರಲ್ಲಿ 17-18ಕ್ಕೆ ಮೂಗಿನ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಆಮೇಲೆ ಉದ್ದವಾದಂತೆ ಕಾಣುವುದಕ್ಕೆ ಮುಖ್ಯ ಕಾರಣ ಜೋಲುವಿಕೆ. ಕಿವಿಯ ಕಥೆಯೂ ಹೀಗೆಯೇ. 1995ರಲ್ಲಿ ಇಂಗ್ಲೆಂಡಿನ ನಾಲ್ವರು ವೈದ್ಯರು ತಮ್ಮಲ್ಲಿಗೆ ಬರುವ 206 ಜನರ ಕಿವಿ ಅಳೆದು, ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಉದ್ದವಾಗುತ್ತದೆ ಎಂದು ಲೆಕ್ಕ ಕೊಟ್ಟರು. ಅದನ್ನು ಓದಿದವರೆಲ್ಲ ಕಿವಿ, ಮೂಗು ಬೆಳೆಯುತ್ತಲೇ ಇರುತ್ತವೆ ಎಂದುಕೊಂಡರು. ಉದ್ದ ಹೆಚ್ಚುವುದು ನಿಜ. ಆದರೆ ಹೊಸದಾಗಿ ಅಂಗಾಂಶ ಹುಟ್ಟಿದರೆ ಮಾತ್ರ ಉದ್ದ ಹೆಚ್ಚಬೇಕು ಅಂತೇನೂ ಇಲ್ಲ, ಇದ್ದದ್ದು ಸಡಿಲವಾದರೂ ಹೆಚ್ಚುತ್ತದೆ.

ಮೂಗಿನ ಒಳಗೆ ಏನಿದೆ ನೋಡಿ. ಹುಬ್ಬಿನ ನಡುವಿನಿಂದ ಬೆರಳು ಕೆಳಗೆ ಜಾರಿಸಿ. ಮೇಲಿನ ಮೂರನೇ ಒಂದು ಭಾಗ ಗಟ್ಟಿ, ಅದು ಎಲುಬು. ಅಲ್ಲಿಂದ ಕೆಳಗೆ ಒತ್ತಿದರೆ ಸ್ವಲ್ಪ ಬಳುಕುತ್ತದೆ. ಅದು ಕಾರ್ಟಿಲೇಜ್, ಮೆತ್ತನೆಯ ಎಲುಬು. ನಡುಭಾಗದಲ್ಲಿ ಎರಡು ಪಕ್ಕಕ್ಕೆ ಎರಡು ಹಾಳೆ, ತುದಿಯಲ್ಲಿ ಕಮಾನಿನಂತೆ ಬಾಗಿದ ಇನ್ನೆರಡು, ಇವೆಲ್ಲಕ್ಕೂ ನಡುವೆ ನಿಂತಿರುವುದು ಸೆಪ್ಟಮ್ ಎಂಬ ಗೋಡೆ. ಇದು ಚಪ್ಪರದ ಹಾಗೆ: ಗೂಟ, ಅಡ್ಡಗಳು, ಕಟ್ಟಿದ ಹಗ್ಗ, ಮೇಲೆ ಹೊದಿಕೆ. ವಯಸ್ಸಾದಂತೆ ಮೊದಲು ಸಡಿಲವಾಗುವುದು ಹಗ್ಗ, ಅಂದರೆ ನಡುವಿನ ಹಾಳೆಯನ್ನೂ ತುದಿಯ ಕಮಾನನ್ನೂ ಬಿಗಿದಿರುವ ನಾರು. ತುದಿ ನಿಧಾನವಾಗಿ ಕೆಳಗೆ ತಿರುಗುತ್ತದೆ. ಮೂಗಿನ ತಳಕ್ಕೂ ಮೇಲ್ತುಟಿಗೂ ನಡುವಿನ ಕೋನ ಯೌವನದ ಹೆಣ್ಣುಮಕ್ಕಳಲ್ಲಿ ಸುಮಾರು 95ರಿಂದ 110 ಡಿಗ್ರಿ ಇರುತ್ತದೆ, ವಯಸ್ಸಾದಂತೆ ಅದು ಕಡಿಮೆಯಾಗುತ್ತಾ ಬರುತ್ತದೆ. ತುದಿ ಇಳಿದಾಗ ಏಣಿನ, ಅಂದರೆ ಮೂಗಿನ ಬೆನ್ನಿನ, ಮೇಲೆ ಮೊದಲಿಲ್ಲದ ಗೂನು ಕಾಣಿಸಿಕೊಳ್ಳುವುದೂ ಉಂಟು. ಗೂನು ಹೊಸದಾಗಿ ಬಂದಿರುವುದಿಲ್ಲ. ಮುಂದಿದ್ದದ್ದು ಇಳಿದಾಗ ಹಿಂದಿದ್ದದ್ದು ಎದ್ದು ಕಾಣುತ್ತದೆ, ಅಷ್ಟೇ.

ಹೊದಿಕೆಯೂ ಬದಲಾಗುತ್ತದೆ. ಏಣಿನ ಮೇಲಿನ ಚರ್ಮ ತೆಳುವಾಗುತ್ತದೆ, ತುದಿಯ ಚರ್ಮದಲ್ಲಿ ಎಣ್ಣೆ ಗ್ರಂಥಿಗಳು ದಪ್ಪವಾಗಿ ತುದಿ ಭಾರವಾಗುತ್ತದೆ. ಕೆಲವು ಗಂಡಸರಲ್ಲಿ ಇದು ಅತಿಯಾಗಿ ಮೂಗು ಗಂಟುಗಂಟಾಗಿ ಕೆಂಪಗೆ ಊದಿಕೊಳ್ಳುತ್ತದೆ, ರೈನೋಫೈಮಾ ಎನ್ನುತ್ತೇವೆ. ಜನ ಅದನ್ನು ನೋಡಿ ಕುಡುಕನ ಮೂಗು ಎಂದು ಆಡಿಕೊಳ್ಳುತ್ತಾರೆ. ಜೀವಮಾನದಲ್ಲಿ ಹನಿ ಮದ್ಯ ಮುಟ್ಟದವರಿಗೂ ಬರುತ್ತದೆ, ಚಿಕಿತ್ಸೆಯೂ ಇದೆ.

ಇನ್ನು ನೆಲ. ಮೂಗು ಕೂತಿರುವುದು ಮೇಲ್ದವಡೆಯ ಎಲುಬಿನ ಮೇಲೆ. ಆ ಎಲುಬು ವಯಸ್ಸಾದಂತೆ ಸವೆದು ಹಿಂದಕ್ಕೆ ಸರಿಯುತ್ತದೆ, ಮೂಗಿನ ಬುಡದ ಎಲುಬಿನ ತೆರಪು ಅಗಲವಾಗುತ್ತದೆ. ಮೇಲಿನ ಹಲ್ಲು ಹೋದರೆ ಈ ಸವೆತ ಇನ್ನೂ ಬೇಗ. ಬೊಚ್ಚುಬಾಯಿ ಅಜ್ಜಿಯರ ಮೂಗೂ ಗದ್ದವೂ ಹತ್ತಿರ ಬಂದಂತೆ ಕಾಣುವುದು ಇದರಿಂದಲೇ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲಿಗೆ ಕಂದು ಕಲೆ ಬಿದ್ದವರು ಬೇಕಾದಷ್ಟು ಜನ. ಕಲೆ ನೋಡಲಾರದೆ ಗಟ್ಟಿ ಹಲ್ಲನ್ನು ಕೀಳಿಸಿಕೊಂಡು ಸೆಟ್ಟು ಹಾಕಿಸಿಕೊಂಡವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಹಲ್ಲು ಹೋದರೆ ಅದರ ಹಿಂದೆ ದವಡೆ, ದವಡೆಯ ಹಿಂದೆ ತುಟಿ, ಮೂಗು.

ಈಗ ನಿಮ್ಮ ಆಪರೇಷನ್. ಅದು ಕೆಟ್ಟಿತು ಎಂದು ನಾನು ಹೇಳಲಾರೆ. ಇಪ್ಪತ್ತು ವರ್ಷ ನಿಮಗೆ ಒಪ್ಪುವಂತೆ ಇತ್ತು ಎಂದರೆ ಸಣ್ಣ ಮಾತಲ್ಲ. ಆದರೆ ಆ ಕಾಲದ ಪದ್ಧತಿಯನ್ನು ತಿಳಿದುಕೊಳ್ಳಬೇಕು. ಆಗ ಮೂಗು ಚಿಕ್ಕದು ಮಾಡುವುದೆಂದರೆ ಬಹುತೇಕ ತೆಗೆಯುವುದೇ ಆಗಿತ್ತು. ಗೂನನ್ನು ಉಳಿ, ಅರದಿಂದ ಇಳಿಸುವುದು. ತುದಿಯ ಕಮಾನಿನಿಂದ ಒಂದಷ್ಟು ಕಾರ್ಟಿಲೇಜ್ ಕತ್ತರಿಸಿ ಹೊರಗೆ ಹಾಕುವುದು. ಗೂನು ಇಳಿಸುವಾಗ, ನಡುಭಾಗದ ಎರಡು ಹಾಳೆಗಳು ಸೆಪ್ಟಮ್ಮಿಗೆ ಸೇರುವ ಜಾಗವೇ ಕತ್ತರಿಸಿಹೋಗುತ್ತದೆ. ಮತ್ತೆ ಜೋಡಿಸದೆ ಬಿಟ್ಟರೆ ಅವು ವರ್ಷಗಳ ಮೇಲೆ ಒಳಕ್ಕೆ ಕುಸಿಯುತ್ತವೆ. ಹೊರಗೆ, ಎಲುಬು ಮುಗಿಯುವ ಕಡೆ ತಲೆಕೆಳಗಾದ ವಿ ಆಕಾರದ ನೆರಳು ಬೀಳುತ್ತದೆ. ಒಳಗೆ ಗಾಳಿಯ ದಾರಿ ಕಿರಿದಾಗುತ್ತದೆ. ಆ ದಾರಿಯ ಅತಿ ಇಕ್ಕಟ್ಟಾದ ಮೂಲೆಯ ಕೋನ ಸಹಜ ಮೂಗಿನಲ್ಲೇ 10ರಿಂದ 15 ಡಿಗ್ರಿ ಮಾತ್ರ. ಅಲ್ಲಿ ಒಂದು ಮಿಲಿಮೀಟರ್ ಹೋದರೂ ಉಸಿರಿಗೆ ಗೊತ್ತಾಗುತ್ತದೆ. ಇದನ್ನು ತಡೆಯಲು ಎರಡು ಪಕ್ಕಕ್ಕೂ ಕಾರ್ಟಿಲೇಜಿನ ಸಣ್ಣ ಪಟ್ಟಿ ಕೂರಿಸುವ ಸ್ಪ್ರೆಡರ್ ಗ್ರಾಫ್ಟ್ ಎಂಬ ವಿಧಾನವನ್ನು ಅಮೆರಿಕದ ಜ್ಯಾಕ್ ಶೀನ್ 1984ರಲ್ಲೇ ಪ್ರಕಟಿಸಿದ್ದರು. ಎಲ್ಲ ಆಪರೇಷನ್ ಟೇಬಲ್ಲಿಗೂ ಅದು ತಲುಪಲು ತುಂಬ ವರ್ಷ ಹಿಡಿಯಿತು.

ಹಾಗಾದರೆ ಇಪ್ಪತ್ತು ವರ್ಷ ಏಕೆ ತೊಂದರೆಯಾಗಲಿಲ್ಲ? ಆಗ ಚರ್ಮ ದಪ್ಪವಿತ್ತು, ನಾರು ಬಿಗಿಯಿತ್ತು, ದವಡೆ ಗಟ್ಟಿಯಿತ್ತು. ಕೊರತೆಯನ್ನು ಇವು ಮುಚ್ಚಿಟ್ಟಿದ್ದವು. 50 ದಾಟಿದ ಮೇಲೆ ಮುಚ್ಚಿಟ್ಟದ್ದು ಹೊರಬಂತು. ಆಪರೇಷನ್ ವಯಸ್ಸನ್ನು ತಡೆಯುವುದಿಲ್ಲ. ಆಪರೇಷನ್ ಆದ ಮೂಗಿಗೂ ವಯಸ್ಸಾಗುತ್ತದೆ, ಆದರೆ ಒಳಗೆ ಉಳಿಸಿದ ಆಧಾರ ಎಷ್ಟಿದೆಯೋ ಅದರ ಮೇಲೆ ಆಗುತ್ತದೆ. ಅಕ್ಕನಿಗೆ ದೊಡ್ಡ ಮೂಗು ಉಳಿದಿದೆ, ಜೊತೆಗೆ ಪೂರ್ತಿ ಆಧಾರವೂ ಉಳಿದಿದೆ.

ಚರ್ಮ ಒಂದೇ ಸಾಲದು ಎನ್ನುವುದಕ್ಕೆ ನಮ್ಮ ನೆಲದ ಇತಿಹಾಸದಲ್ಲೇ ಒಂದು ಪ್ರಸಂಗವಿದೆ. ಕಾರ್ನ್‌ವಾಲಿಸನ ಸೇನೆ 1791ರಲ್ಲಿ ಕೋಲಾರ ದಾಟಿ ಬಂದು ನಂದಿದುರ್ಗ ಹಿಡಿದದ್ದು ಗೊತ್ತಿರಬಹುದು. ಅದೇ ಯುದ್ಧದಲ್ಲಿ ಇಂಗ್ಲಿಷರ ಎತ್ತಿನಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ 1792ರಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆ ಕಡೆಯ ಒಬ್ಬ ವೈದ್ಯ ಅವನ ಹಣೆಯ ಚರ್ಮ ಬಿಡಿಸಿ, ತಿರುಗಿಸಿ, ಹೊಸ ಮೂಗು ಮಾಡಿಕೊಟ್ಟ. ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ನೋಡಿದರು. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರಿನಲ್ಲಿ ಚಿತ್ರಸಮೇತ ಪ್ರಕಟಿಸಿತು. ಅದನ್ನು ಓದಿ ಅಭ್ಯಾಸ ಮಾಡಿದ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಈ ಆಪರೇಷನ್ ಮಾಡಿದ. ಇಂದಿಗೂ ಕ್ಯಾನ್ಸರಿನಿಂದಲೋ ಅಪಘಾತದಿಂದಲೋ ಮೂಗು ಹೋದವರಿಗೆ ಹಣೆಯ ಚರ್ಮವೇ ಗತಿ. ಒಂದು ವ್ಯತ್ಯಾಸವಿದೆ: ಈಗ ನಾವು ಒಳಗೆ ಕಾರ್ಟಿಲೇಜ್ ಕೂರಿಸುತ್ತೇವೆ. ಆಧಾರವಿಲ್ಲದ ಚರ್ಮ ಕಾಲಕ್ರಮೇಣ ಮುದುಡುತ್ತದೆ.

ನಿಮ್ಮ ಎಡ ಹೊಳ್ಳೆಗೆ ಬರೋಣ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಲ ಹೊಳ್ಳೆಯನ್ನು ಮುಚ್ಚಿಕೊಳ್ಳಿ, ಆದರೆ ಮೂಗು ಅಲುಗದಂತೆ ಹಗುರವಾಗಿ. ಎಡ ಕೆನ್ನೆಯನ್ನು, ಮೂಗಿನ ಪಕ್ಕಕ್ಕೆ ಎರಡು ಬೆರಳಿಟ್ಟು, ಕಿವಿಯ ಕಡೆಗೆ ಮೆಲ್ಲಗೆ ಎಳೆದು ಉಸಿರೆಳೆದುಕೊಳ್ಳಿ. ಥಟ್ಟನೆ ಸಲೀಸಾಯಿತೇ? ಹಾಗಿದ್ದರೆ ಪಕ್ಕದ ಗೋಡೆ ಕುಸಿದಿರುವ ಸಂಭವ ಹೆಚ್ಚು. ಈಗ ಕೆನ್ನೆ ಬಿಟ್ಟು, ತೋರುಬೆರಳಿನಿಂದ ಮೂಗಿನ ತುದಿಯನ್ನು ಸ್ವಲ್ಪ ಮೇಲಕ್ಕೆತ್ತಿ ಉಸಿರಾಡಿ. ಇದರಿಂದ ಸಲೀಸಾದರೆ ತುದಿ ಇಳಿದದ್ದೂ ಕಾರಣ. ಕನ್ನಡಿ ಮುಂದೆ ನಿಂತು ಜೋರಾಗಿ ಉಸಿರೆಳೆದಾಗ ಎಡಪಕ್ಕ ಒಳಕ್ಕೆ ಅಂಟಿಕೊಳ್ಳುತ್ತದೆಯೇ ಎಂದೂ ನೋಡಿ. ಎರಡರಿಂದಲೂ ಏನೂ ವ್ಯತ್ಯಾಸವಾಗದಿದ್ದರೆ ತೊಡಕು ಇನ್ನೂ ಒಳಗಿರಬಹುದು: ಸೊಟ್ಟ ಸೆಪ್ಟಮ್, ಊದಿದ ಟರ್ಬಿನೇಟ್ (ಮೂಗಿನೊಳಗೆ ಪಕ್ಕದ ಗೋಡೆಯ ಮೇಲಿರುವ ಉಬ್ಬು), ಪಾಲಿಪ್ (ಒಳಗೆ ಬೆಳೆಯುವ ಮೆತ್ತನೆಯ ಗಡ್ಡೆ), ಅಲರ್ಜಿ. ನಿಮ್ಮ ಕಸುಬಿನಲ್ಲಿ ಸೀಮೆಸುಣ್ಣದ ಪುಡಿ ತಪ್ಪಿದ್ದಲ್ಲ. ಊರಾಚೆ ಪಾರ್ಥೇನಿಯಂ ಹೂ ಬಿಟ್ಟಾಗ ಕಟ್ಟುವ ಮೂಗುಗಳ ಲೆಕ್ಕ ಇಟ್ಟವರಿಲ್ಲ. ಇದನ್ನು ಕಿವಿ-ಮೂಗು-ಗಂಟಲು ತಜ್ಞರು ಎಂಡೋಸ್ಕೋಪ್ ಹಾಕಿ ನೋಡಿಯೇ ಹೇಳಬೇಕು. ಒಂದೇ ಕಡೆ ಕಟ್ಟುವುದರ ಜೊತೆಗೆ ರಕ್ತವೂ ಬರುತ್ತಿದ್ದರೆ ತಡಮಾಡದೆ ತೋರಿಸಿ, ಅದು ಬೇರೆಯೇ ವಿಷಯ.

ಮೆಡಿಕಲ್ ಸ್ಟೋರಿನಿಂದ ಮೂಗಿನ ಡ್ರಾಪ್ಸ್ ತಂದು ದಿನಾ ಹಾಕಿಕೊಳ್ಳುತ್ತಿದ್ದೀರಾ? ಝೈಲೋಮೆಟಝೋಲಿನ್, ಆಕ್ಸಿಮೆಟಝೋಲಿನ್ ಎಂದು ಬಾಟಲಿಯ ಮೇಲಿದ್ದರೆ ನಿಲ್ಲಿಸಿ. ಐದಾರು ದಿನ ಮೀರಿ ಹಾಕಿದರೆ ಅದೇ ಮೂಗು ಕಟ್ಟಿಸುತ್ತದೆ. ಅದರ ಬದಲು ಕುದಿಸಿ ಆರಿಸಿದ ನೀರಿನ ಉಪ್ಪುದ್ರಾವಣದಲ್ಲಿ ಮೂಗು ತೊಳೆಯುವುದು, ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನು ಕೆಲವು ವಾರ ಬಿಡದೆ ಬಳಸುವುದು, ರಾತ್ರಿ ಮೂಗಿನ ಮೇಲೆ ಅಂಟಿಸುವ ಪಟ್ಟಿ. ಪಟ್ಟಿ ಅಂಟಿಸಿದ ರಾತ್ರಿ ನಿದ್ದೆ ಚೆನ್ನಾಗಿ ಬಂದರೆ, ಆಪರೇಷನ್ನಿನಿಂದಲೂ ಉಪಯೋಗವಾಗುವ ಸಾಧ್ಯತೆಗೆ ಅದೊಂದು ಒಳ್ಳೆಯ ಸೂಚನೆ. ಕೆಲವರಿಗೆ ಪಟ್ಟಿಯೇ ಸಾಕಾಗುತ್ತದೆ, ಅಷ್ಟಕ್ಕೇ ಬಿಟ್ಟರೆ ತಪ್ಪೇನಿಲ್ಲ.

ಮತ್ತೆ ಮಾಡಿಸಬಹುದೇ ಎಂದರೆ, ಮಾಡಿಸಬಹುದು. 54 ಅಡ್ಡಿಯಲ್ಲ. ಬಿಪಿ, ಸಕ್ಕರೆ ಹತೋಟಿಯಲ್ಲಿರಬೇಕು, ಆಸ್ಪಿರಿನ್‌ನಂತಹ ರಕ್ತ ತೆಳುಮಾಡುವ ಗುಳಿಗೆ ಇದ್ದರೆ ಕೊಟ್ಟ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಆದರೆ ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟ. ಒಳಗೆಲ್ಲ ಗಾಯದ ಕಲೆ ಅಂಟಿಕೊಂಡಿರುತ್ತದೆ. ಈ ಸಲ ತೆಗೆಯುವುದಿಲ್ಲ, ಸೇರಿಸಬೇಕು; ಸೇರಿಸಲು ಕಾರ್ಟಿಲೇಜ್ ಬೇಕು. ಸೆಪ್ಟಮ್ಮಿನಲ್ಲಿ ಉಳಿದಿದ್ದರೆ ಅದು, ಇಲ್ಲದಿದ್ದರೆ ಕಿವಿಯದು, ಅದೂ ಸಾಲದಿದ್ದರೆ ಪಕ್ಕೆಲುಬಿನದು. ಕಿವಿಯದು ಬಾಗಿರುತ್ತದೆ, ಮೆತ್ತಗಿರುತ್ತದೆ. ಪಕ್ಕೆಲುಬಿನದು ಗಟ್ಟಿ, ಆದರೆ ಕೂರಿಸಿದ ಮೇಲೆ ಸೊಟ್ಟಗಾಗುವ ಸ್ವಭಾವ ಅದಕ್ಕಿದೆ. 50 ದಾಟಿದವರಲ್ಲಿ ಅದರಲ್ಲಿ ಸುಣ್ಣ ಕಟ್ಟಿರುವುದೂ ಉಂಟು, ಕೆತ್ತಲು ಬರುವುದಿಲ್ಲ. ಕೆಲವೆಡೆ ಸಿಲಿಕೋನ್ ಇಡುತ್ತೇವೆ ಎನ್ನುತ್ತಾರೆ. ಒಮ್ಮೆ ಆಪರೇಷನ್ ಆಗಿ ಚರ್ಮ ತೆಳುವಾದ ಮೂಗಿಗೆ ನಾನದನ್ನು ಒಪ್ಪುವುದಿಲ್ಲ. ಸೋಂಕಾಗುವ, ವರ್ಷಗಳ ಮೇಲೂ ಚರ್ಮ ತೂತಾಗಿ ಹೊರಬರುವ ಅಪಾಯವಿದೆ.

ಮೊದಲು ಉಸಿರು, ಆಮೇಲೆ ಅಂದ ಎಂದು ಸರ್ಜನ್‌ಗೆ ಬಿಡಿಸಿ ಹೇಳಿ. ಎಡಪಕ್ಕಕ್ಕೆ ಆಧಾರ, ತುದಿಗೆ ಸ್ವಲ್ಪ ಎತ್ತರ, ಇಷ್ಟರಲ್ಲಿ ಎರಡೂ ಕೂಡಿಬರುವುದುಂಟು. ಇನ್ಶೂರೆನ್ಸ್ ಅಂದಕ್ಕೆ ಹಣ ಕೊಡುವುದಿಲ್ಲ; ಉಸಿರಾಟದ ತೊಂದರೆಗೆ ದಾಖಲೆ ಇದ್ದರೆ ಪಾಲಿಸಿಯ ಷರತ್ತು ನೋಡಿ ಕೊಡಬಹುದು, ಆದ್ದರಿಂದ ಆಪರೇಷನ್ನಿಗೆ ಮುಂಚೆಯೇ ವಿಚಾರಿಸಿ. ಹೋಗುವಾಗ ಹಳೆಯ ಡಿಸ್‌ಚಾರ್ಜ್ ಚೀಟಿ ಸಿಕ್ಕರೆ ತೆಗೆದುಕೊಂಡು ಹೋಗಿ, ಜೊತೆಗೆ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಫೋಟೋ, ಮದುವೆ ಆಲ್ಬಮ್, 40ರ ಆಸುಪಾಸಿನ ಒಂದು ಚಿತ್ರ. ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ಸ್ಕ್ಯಾನಿಗಿಂತ ಚೆನ್ನಾಗಿ ಅವು ಹೇಳುತ್ತವೆ. ಗೊರಕೆ ಇದ್ದು, ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳುತ್ತಿದ್ದರೆ ಅದನ್ನೂ ತಿಳಿಸಿ. ಮೂಗಿನ ಆಪರೇಷನ್ ಒಂದರಿಂದಲೇ ಅದು ಹೋಗುವುದಿಲ್ಲ.

ಇನ್ನು ಮಗಳು. 20ಕ್ಕೆ ಬೆಳವಣಿಗೆ ಮುಗಿದಿದೆ, ವಯಸ್ಸಿನ ತಕರಾರಿಲ್ಲ. ಬೇಡ ಎಂದು ಗದರಿಸಿ ಕೂರಿಸಲು ನಿಮಗೂ ಬಾಯಿಲ್ಲ, ನೀವೇ ಮಾಡಿಸಿಕೊಂಡವರು. ಆದರೆ ಕೆಲವು ಮಾತು ಕೇಳಿ. ಅವಳು ತೋರಿಸುವ ಚಿತ್ರ ಸೆಲ್ಫಿಯೇ? 2018ರಲ್ಲಿ ಅಮೆರಿಕದ ತಜ್ಞರು ಲೆಕ್ಕ ಹಾಕಿದಂತೆ, ಒಂದಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, ಐದಡಿ ದೂರದ ಚಿತ್ರಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ. ಐದಡಿ ದೂರ ನಿಲ್ಲಿಸಿ ನೀವೇ ಒಂದು ಫೋಟೋ ತೆಗೆದು ತೋರಿಸಿ. ಹಟ ಅವಳದ್ದೇ, ಅಥವಾ ಹೆಣ್ಣು ನೋಡಲು ಬಂದವರು ಯಾರೋ ಆಡಿದ ಮಾತಿನದ್ದೇ ಎಂದೂ ಸಮಾಧಾನವಾಗಿ ಕೇಳಿ. ಯಾರದೋ ಮಾತಿಗೆ ಮಾಡಿಸಿಕೊಂಡವರು ಮೂಗು ಎಷ್ಟೇ ಚೆನ್ನಾಗಿ ಬಂದರೂ ತೃಪ್ತರಾಗುವುದು ಅಪರೂಪ.

ಆದರೂ ಬೇಕೇ ಬೇಕು ಎಂದರೆ, ಎಷ್ಟು ತೆಗೆಯುತ್ತೀರಿ ಎಂದು ಕೇಳುವ ಬದಲು ಎಷ್ಟು ಉಳಿಸುತ್ತೀರಿ ಎಂದು ಸರ್ಜನ್ನನ್ನು ಕೇಳಲಿ. ಏಣನ್ನು ಕತ್ತರಿಸದೆ, ಅಡಿಯಿಂದ ಸ್ವಲ್ಪ ತೆಗೆದು ಇಡೀ ಏಣನ್ನೇ ಕೆಳಗಿಳಿಸುವ ಪ್ರಿಸರ್ವೇಶನ್ ವಿಧಾನ ಈಚಿನ ವರ್ಷಗಳಲ್ಲಿ ಮತ್ತೆ ಚಾಲ್ತಿಗೆ ಬಂದಿದೆ. ಎಲ್ಲ ಮೂಗಿಗೂ ಹೊಂದುವುದಿಲ್ಲ, ಹೊಂದುವ ಮೂಗಿಗೆ ಒಳ್ಳೆಯದು. ಕಂಪ್ಯೂಟರಿನಲ್ಲಿ ಮುಖ ತಿದ್ದಿ ಹೀಗಾಗುತ್ತೀರಿ ಎಂದು ತೋರಿಸುವ ಚಿತ್ರಗಳು ಮೂಗಿಗೆ ತುಪ್ಪ ಸವರುವ ಕೆಲಸ. ಚಿತ್ರದ ಮೂಗಿನಲ್ಲಿ ಬಾವು ಬರುವುದಿಲ್ಲ, ಗಾಯದ ಕಲೆ ಎಳೆಯುವುದಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ಫಿಲ್ಲರ್, ಅಂದರೆ ಚರ್ಮದಡಿ ತುಂಬುವ ಮದ್ದು, ಚುಚ್ಚಿ ಅರ್ಧ ಗಂಟೆಯಲ್ಲಿ ಮೂಗು ತಿದ್ದುತ್ತೇವೆ ಎಂದರೆ ಅವಳನ್ನು ಕೈಹಿಡಿದು ಹೊರಗೆ ಕರೆತನ್ನಿ. ಫಿಲ್ಲರ್ ರಕ್ತನಾಳಕ್ಕೆ ಹೊಕ್ಕರೆ ಮೂಗಿನ ಚರ್ಮ ಕೊಳೆಯಬಹುದು, ಕಣ್ಣೇ ಹೋಗಬಹುದು. ಈಗಾಗಲೇ ಆಪರೇಷನ್ ಆಗಿರುವ ನಿಮ್ಮಂಥವರ ಮೂಗಿಗೆ ಈ ಅಪಾಯ ಇನ್ನೂ ಹೆಚ್ಚು.

ಆಪರೇಷನ್ ಆದ ಮೇಲಿನ ಮೂಗಿನ ಗತಿ ಹೀಗೆ. ಮೇಲೆ ಹಾಕಿದ ಪಟ್ಟಿ ಸುಮಾರು ವಾರಕ್ಕೆ ತೆಗೆಯುತ್ತೇವೆ. ಕಣ್ಣ ಸುತ್ತಿನ ಕಪ್ಪು ಎರಡು ವಾರದಲ್ಲಿ ಹೆಚ್ಚುಕಡಿಮೆ ಮಾಸುತ್ತದೆ. ಆಗ ಕನ್ನಡಿ ನೋಡಿ ಅಳುವವರು ಬಹಳ. ಮೂಗು ಮೊದಲಿಗಿಂತ ದಪ್ಪವಾಗಿ, ಹಂದಿಯ ಮೂತಿಯಂತೆ ಮೇಲಕ್ಕೆದ್ದು ಕಾಣುತ್ತದೆ. ನಕ್ಕರೆ ತುಟಿ ಬಿಗಿ, ತುದಿ ಮುಟ್ಟಿದರೆ ಮರಗಟ್ಟಿದಂತೆ. ಬೆಳಗ್ಗೆ ಬಾವು ಜಾಸ್ತಿ, ಸಂಜೆಗೆ ಕಡಿಮೆ. ಏಣಿನ ಬಾವು ಕೆಲವು ತಿಂಗಳಲ್ಲಿ ಇಳಿಯುತ್ತದೆ, ತುದಿಯದು ವರ್ಷ ಹಿಡಿಯುತ್ತದೆ. ನಮ್ಮ ಕಡೆಯ ದಪ್ಪ ಚರ್ಮಕ್ಕೆ ಒಂದೂವರೆ, ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಅದಕ್ಕೇ ಮೂರು ತಿಂಗಳಿಗೆ ಸರಿಯಾಗಲಿಲ್ಲವೆಂದು ಇನ್ನೊಬ್ಬ ಸರ್ಜನ್ ಹತ್ತಿರ ಓಡಬಾರದು, ತಿದ್ದುಪಡಿಗೆ ಕನಿಷ್ಠ ವರ್ಷ ಕಾಯಬೇಕು. ಮದುವೆ ಗೊತ್ತಾದ ಮೇಲೆ ಮಾಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಕನ್ನಡಕದ ಭಾರ ನಾಲ್ಕರಿಂದ ಆರು ವಾರ ಮೂಗಿನ ಮೇಲೆ ಬೀಳಬಾರದು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಮೂಗಿಗೆ ಉಜ್ಜುತ್ತದೆ, ಆದ್ದರಿಂದ ಅಷ್ಟು ದಿನ ಸ್ಕೂಟರ್ ಬೇಡ, ಬಸ್ಸೇ ವಾಸಿ. ರೇಷ್ಮೆ ನೂಲು ತೆಗೆಯುವ ಮನೆಯ ಹಬೆ, ಕಲ್ಲುಕ್ವಾರಿಯ ದೂಳು, ಬಿರುಬಿಸಿಲು ಇವುಗಳಿಂದ ದೂರವಿರಲಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಹೊರಗೆ ಹೋಗಿ ಸೇದಲಿ.

ಮೂಗುಬೊಟ್ಟು ಆಪರೇಷನ್ ದಿನ ತೆಗೆಯಲೇಬೇಕು. ಮತ್ತೆ ಯಾವಾಗ ಇಡುವುದೆಂದು ಸರ್ಜನ್ ಹೇಳಬೇಕು, ಏಕೆಂದರೆ ಹೊಳ್ಳೆಯ ಬುಡದಲ್ಲಿ ಕತ್ತರಿಸಿದ್ದರೆ ಹೆಚ್ಚು ದಿನ ಕಾಯಬೇಕಾಗುತ್ತದೆ. ಹೊಸದಾಗಿ ಚುಚ್ಚಿಸುವುದಾದರೆ ಬಾವೆಲ್ಲ ಇಳಿದು ಕೆಲವು ತಿಂಗಳು ಕಳೆದ ಮೇಲೆ. ನಿಮಗೆ ಬೇಕಾದರೆ ಒಂದೇ ಕಲ್ಲಿನ ಹಗುರವಾದದ್ದು ಇಟ್ಟುಕೊಳ್ಳಿ. ಏಳು ಕಲ್ಲಿನ ಬೇಸರಿ ವರ್ಷಗಟ್ಟಲೆ ಜೋತುಬಿದ್ದು ತೂತು ಸೀಳಿನಂತೆ ಕೆಳಕ್ಕೆ ಇಳಿದವರನ್ನು ನಮ್ಮ ಕಡೆ ಬಹಳ ನೋಡುತ್ತೇನೆ. ನಿಮ್ಮದು ಹಾಗಾಗಿದ್ದರೆ, ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹೊಲಿದು ಸರಿಮಾಡಬಹುದು. ದೊಡ್ಡ ಆಪರೇಷನ್ ಮಾಡಿಸುವುದಾದರೆ ಅದರ ಜೊತೆಗೇ ಮುಗಿಸಿಕೊಡಿ ಎಂದು ಕೇಳಿ.